ಎಮ್ಮೆಯ ಮೈಮೇಲಿನ ಹೆಬ್ಬೆಟ್ಟು

ಆಷಾಢ ಬಂತೆಂದರೆ ಬ್ಯಾಡಗಿಯಲ್ಲಿ ಪೆಂಡಾಲು ಹಾಕುವವರ ಮುಖ, ಬ್ಯಾಂಡು ಬಾರಿಸುವವರ ಮುಖ, ಫೋಟೊ ಸ್ಟುಡಿಯೊದ ಕೊಟ್ರೇಶನ ಮುಖ ಎಲ್ಲ ಒಂದೇ ಸಮ ಜೋತುಬೀಳುತ್ತಿದ್ದವು. ಮದುವೆ ಇಲ್ಲದ ತಿಂಗಳು. ಮೆಣಸಿನಕಾಯಿ ಪೇಟೆಯ ಭರಾಟೆಯೂ ಅಷ್ಟರಲ್ಲಿ ಇಳಿದಿರುತ್ತಿತ್ತು. ಕೊಟ್ರೇಶ ಕ್ಯಾಮೆರಾ ಒರೆಸಿ ಚೀಲದಲ್ಲಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಸ್ಟುಡಿಯೊದಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಸುಳಿದಾಡಲು ಶುರುಮಾಡುತ್ತಿದ್ದ. ರೊಟ್ಟಿ ದಪ್ಪವಾಯಿತು ಅನ್ನುವನು, ಸಾರು ತೆಳುವಾಯಿತು ಅನ್ನುವನು, ಮಗಳು ಮೀನಾಕ್ಷಿಯ ಬೈತಲೆ ಸೊಟ್ಟಗಿದೆ ಅನ್ನುವನು. ಇವನ ಕೈಗೆ ಏನಾದರೂ ಕೆಲಸ ಕೊಡಪ್ಪಾ ಎಂದು ಹೆಂಡತಿ ಶೈಲಾ ದೇವರಗುಡ್ಡದ ದಿಕ್ಕಿಗೆ ಕೈಮುಗಿಯುತ್ತಿದ್ದಳು. ಎರಡು ಸಾವಿರದ ಆರನೇ ಇಸವಿಯಲ್ಲಿ ದೇವರು ಆ ಮಾತು ಕೇಳಿಸಿಕೊಂಡ. ಆದರೆ ಕೆಲಸ ಕೊಟ್ಟದ್ದು ಮೊದಲು ಬೇರೆಯವರ ಕೈಗೆ.

ಕೊಟ್ಟ ಬಗೆಯೂ ತಮಾಷೆಯದೇ. ಶೈಲಾಳ ತವರು ರಾಣೆಬೆನ್ನೂರಿಗೆ ಹೋಗಿ ಬರುವಾಗ ಕೊಟ್ರೇಶ ಬಸ್‌ಸ್ಟ್ಯಾಂಡಿನ ಎದುರು ರಾಶಿ ಹಾಕಿಕೊಂಡು ಮಾರುವವನ ಹತ್ತಿರ ಒಂದು ಸೀಡಿ ಕೊಂಡು ತಂದ. ಕವರಿನ ಮೇಲೆ ಯಾವುದೋ ಕನ್ನಡ ಹಾಸ್ಯ ಸಿನಿಮಾದ ಫೋಟೊ. ಮನೆಗೆ ಬಂದು ಹಾಕಿದರೆ ಮಣ್ಣಿನ ಮುದುಕಿಯೊಬ್ಬಳು ಮಣ್ಣಿನ ಸೈಕಲ್ ತುಳಿಯುತ್ತ ಬಂದಳು. ಹಿಂದಿನ ಸೀಟಿನ ಮೇಲೆ ಮಣ್ಣಿನ ಕತ್ತೆಯೊಂದು ಕಾಲಮೇಲೆ ಕಾಲು ಹಾಕಿಕೊಂಡು ಕೂತಿತ್ತು. ಇಂಗ್ಲೆಂಡಿನವರು ಮಾಡಿದ ಮಣ್ಣಿನ ಗೊಂಬೆಗಳ ಸಿನಿಮಾ ಅದು. ಮಾತೇ ಇಲ್ಲ, ಹ್ಞೂಂ, ಉಹೂಂ ಅಷ್ಟೇ. ಮುದುಕಿ ಮನೆಮನೆಗೆ ಹಾಲು ಹಾಕುತ್ತಾಳೆ, ಕತ್ತೆ ಹಿಂದಿನಿಂದ ಕುಡಿಯುತ್ತ ಬರುತ್ತದೆ, ಸಿಕ್ಕಿಬಿದ್ದಾಗ ಒಂದು ಕಿವಿ ಇಳಿಬಿಟ್ಟು ಆಕಾಶ ನೋಡುತ್ತದೆ.

ವಾಪಸು ಕೊಟ್ಟು ಬರುತ್ತೇನೆಂದು ಕೊಟ್ರೇಶ ಎದ್ದಾಗ ಮೀನಾಕ್ಷಿ ಸೀಡಿ ಪ್ಲೇಯರಿಗೆ ಅಡ್ಡ ನಿಂತಳು. ಮರುದಿನ ಓಣಿಯ ಹುಡುಗಿಯರೆಲ್ಲ ಬಂದು ಕೂತರು. ಮುದುಕಿಗೆ ಅವರೇ ಚೌಡವ್ವ ಎಂದು ಹೆಸರಿಟ್ಟರು, ಸಂತೆಯಲ್ಲಿ ಬದನೆಕಾಯಿ ಮಾರುವ ಚೌಡವ್ವನಿಗೂ ಅದೇ ಹಲ್ಲು, ಅದೇ ಬಿರುಸು. ಕತ್ತೆ ಕಿವಿ ಇಳಿಬಿಟ್ಟಾಗಲೆಲ್ಲ ಮನೆಯ ಹಂಚು ಹಾರುವ ಹಾಗೆ ನಗು.

ಆ ನಗೆಗೆ ಒಳಕೋಣೆಯಿಂದ ಎದ್ದು ಬಂದು ಬಾಗಿಲಿಗೆ ಆತು ನಿಂತವಳು ಶೈಲಾಳ ಅತ್ತೆ ಪ್ರೇಮವ್ವ. ಆಕೆಯ ಸಂಗತಿ ಸ್ವಲ್ಪ ಹೇಳಲೇಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಆ ಓಣಿಯ ಎತ್ತುಗಳೆಲ್ಲ ಪ್ರೇಮವ್ವನ ಕೈಯಿಂದಲೇ ಎದ್ದು ನಿಲ್ಲುತ್ತಿದ್ದವು. ಅದರ ಬೆನ್ನಿಗೆ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಪೂಜಿಸುವ ಗುಳ್ಳವ್ವ, ಅದೂ ಆಕೆಯದೇ. ಹುಡುಗಿಯರು ತಟ್ಟೆ ಹಿಡಿದು ಕಟ್ಟೆಯ ಮುಂದೆ ಸಾಲು ನಿಲ್ಲುವರು. ಈಕೆ ಎರೆಮಣ್ಣಿನ ಮುದ್ದೆಯನ್ನು ಅಂಗೈಯಲ್ಲಿ ತಿರುವಿ ತಿರುವಿ, ಗುಲಗಂಜಿಯ ಕಣ್ಣಿಟ್ಟು, ಒಬ್ಬೊಬ್ಬಳ ತಟ್ಟೆಯಲ್ಲೂ ಒಂದೊಂದು ಗುಳ್ಳವ್ವನನ್ನು ಕೂರಿಸಿಕೊಡುವಳು. ಒಂದರ ಮುಖ ಇನ್ನೊಂದಕ್ಕೆ ಬರುತ್ತಿರಲಿಲ್ಲ.

ಗಂಡ ಪ್ರಭುಲಿಂಗಪ್ಪ ತೀರಿಕೊಂಡ ಮೇಲೆ ಅದು ನಿಂತುಹೋಯಿತು. ಬೇಡವೆಂದು ಯಾರೂ ಅನ್ನಲಿಲ್ಲ. ಅನ್ನುವ ಅಗತ್ಯವೇ ಬೀಳದ ಹಾಗೆ ಎದುರುಮನೆಯ ಶೇಖವ್ವ ಹಾವೇರಿ ಪೇಟೆಯಿಂದ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಗುಳ್ಳವ್ವಗಳನ್ನು ಬುಟ್ಟಿ ತುಂಬ ತರಿಸಿದಳು. ಹುಡುಗಿಯರ ಸಾಲು ಈ ಕಟ್ಟೆಯಿಂದ ಆ ಕಟ್ಟೆಗೆ ಸರಿಯಿತು. ಕುಂಕುಮ ಅಳಿಸಿದ ಹೆಂಗಸಿನ ಕೈಯಿಂದ ಹಬ್ಬದ ಮಣ್ಣು ಯಾಕೆ ಎನ್ನುವುದು ಒಳಗಿನ ಮಾತು. ಪ್ರೇಮವ್ವ ಜಗಳಕ್ಕೆ ಹೋಗಲಿಲ್ಲ, ಅಳಲೂ ಇಲ್ಲ. ಮಣ್ಣು ಕಲಸುವ ಬುಟ್ಟಿಯನ್ನು ಅಟ್ಟಕ್ಕೆ ಎತ್ತಿಟ್ಟಳು, ಅಷ್ಟೇ.

ಶೈಲಾಳಿಗೆ ಮಾತ್ರ ಅದು ಮುಳ್ಳು ಮುರಿದಂತೆ ಒಳಗೇ ಉಳಿದಿತ್ತು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಯಾರ ಜತೆ ಏನು ಮಾತಾಡಬೇಕೆಂದು ತಿಳಿಯದೆ ಮೂಲೆ ಹಿಡಿದು ಕೂತಿದ್ದವಳನ್ನು ಈ ಅತ್ತೆ ಕಟ್ಟೆಗೆ ಕರೆದು, ಕೈಗೊಂದು ಮಣ್ಣಿನ ಮುದ್ದೆ ಕೊಟ್ಟು, ಏನು ಬರತೈತಿ ಅದು ಮಾಡು ಅಂದಿದ್ದಳು. ಶೈಲಾ ಮಾಡಿದ ಎತ್ತು ನಾಯಿಯಂತಿತ್ತು. ಪ್ರೇಮವ್ವ ಅದನ್ನೇ ದೇವರ ಜಗಲಿಯ ಮೇಲೆ ಮೊದಲಿಗಿಟ್ಟು ಪೂಜೆ ಮಾಡಿದ್ದಳು. ಆವತ್ತಿನಿಂದ ಆ ಮನೆ ಶೈಲಾಳದಾಯಿತು. ಅಂಥ ಕೈಗಳು ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾಗುತ್ತಿರಲಿಲ್ಲ. ಅವು ಮತ್ತೆ ಮಣ್ಣಿಗೆ ಬರಬೇಕು, ಆ ವರ್ಷ ಶೈಲಾ ಒಳಗೊಳಗೇ ಬೇಡಿಕೊಂಡದ್ದು ಅದನ್ನೇ.

ಸೀಡಿಯ ಕೊನೆಗೆ, ಆ ಸಿನಿಮಾ ಮಾಡಿದ ಬಗೆಯನ್ನು ತೋರಿಸುವ ಒಂದು ತುಣುಕು ಇತ್ತು. ಬಿಳಿ ಕೂದಲಿನ ಹೆಂಗಸೊಬ್ಬಳು ಸ್ವೆಟರಿನ ತೋಳು ಮಡಚಿಕೊಂಡು ಕತ್ತೆಯ ಕಿವಿಯನ್ನು ಕೂದಲೆಳೆಯಷ್ಟು ಬಗ್ಗಿಸುತ್ತಾಳೆ, ಹಿಂದೆ ಸರಿಯುತ್ತಾಳೆ, ಫೋಟೊ. ಮತ್ತೆ ಬಂದು ಇನ್ನಷ್ಟು ಬಗ್ಗಿಸುತ್ತಾಳೆ, ಸರಿಯುತ್ತಾಳೆ, ಇನ್ನೊಂದು ಫೋಟೊ. ಹುಡುಗಿಯರಿಗೆ ಅದು ಬೇಜಾರಿನ ಭಾಗ, ಎದ್ದು ಹೋದರು. ಪ್ರೇಮವ್ವ ಮಾತ್ರ ಬಾಗಿಲು ಬಿಟ್ಟು ಒಳಬಂದು ಟೀವಿಯ ಮುಂದೆ ಕೂತಳು. ಆಕೆಯ ಮಾತು ಶೈಲಾಳಿಗೆ ಕಡೆತನಕ ನೆನಪಿತ್ತು.

“ಆಕೀ ಕೈ ನೋಡು, ಮುಂಗೈತನಕ ಮಣ್ಣಾಗೇತಿ. ನನಗಿಂತ ದೊಡ್ಡಾಕಿ ಇರಬೇಕು.” ಕತ್ತೆಯ ಮುಖ ಹತ್ತಿರ ಬಂದಾಗ ಮತ್ತೆ ಅಂದಳು: “ಕತ್ತಿ ಗಲ್ಲದ ಮ್ಯಾಲೆ ಹೆಬ್ಬಟ್ಟ ಮೂಡೇತಿ, ಹಂಗ ಬಿಟ್ಟಾರ. ಒರಸಿಲ್ಲ.”

ಹೌದಲ್ಲ ಎಂದು ಶೈಲಾ ಆಗ ನೋಡಿದಳು. ಕತ್ತೆ ಓಡುವಾಗ, ನಗುವಾಗ, ಅದರ ಮೈಮೇಲೆ ಯಾರದೋ ಬೆರಳಿನ ಗೆರೆಗಳು ಮಿಣಮಿಣ ಅಲುಗುತ್ತಿದ್ದವು. ಊರು ಕೇರಿ ಗೊತ್ತಿಲ್ಲದ ಯಾರೋ ಪುಣ್ಯಾತ್ಮರು ಮುಟ್ಟಿ ಮುಟ್ಟಿ ನಗಿಸುತ್ತಿದ್ದಾರೆ ಅನ್ನಿಸಿ ಅವಳಿಗೆ ಅವರ ಮೇಲೆ ಒಂದು ಅಕ್ಕರೆಯೇ ಹುಟ್ಟಿತು.

ಆ ಅಕ್ಕರೆಯನ್ನು ಅವಳು ಹಾಗೇ ಬಿಡಲಿಲ್ಲ. ಖಾಲಿ ಕೂತ ಗಂಡನ ಕಿವಿಯಲ್ಲಿ ಹಾಕಿದಳು: ನಿಮ್ಮ ಹತ್ತಿರ ಡಿಜಿಟಲ್ ಕ್ಯಾಮೆರಾ ಇದೆ, ಕಂಪ್ಯೂಟರ್ ಇದೆ, ಅತ್ತೆಗೆ ಮಣ್ಣು ಬರುತ್ತದೆ, ಒಂದು ಸಣ್ಣ ಸಿನಿಮಾ ಮಾಡಬಾರದೇಕೆ? ಕೊಟ್ರೇಶ ಮೊದಲು ನಕ್ಕ, ಆಮೇಲೆ ಕ್ಯಾಮೆರಾ ಚೀಲ ಬಿಚ್ಚಿದ. ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಯಿತು. ಎತ್ತು ಮಾಡಲಾರೆ, ಗುಳ್ಳವ್ವನ ಸುದ್ದಿಯೇ ಬೇಡ ಎಂದಳು ಪ್ರೇಮವ್ವ. ಹಾಗಾದರೆ ಎಮ್ಮೆ ಮಾಡಿರಿ ಎಂದಳು ಶೈಲಾ, ಮಣ್ಣಿನ ಎಮ್ಮೆಗೆ ಯಾವ ಹಬ್ಬವೂ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಪ್ರೇಮವ್ವ ಅಟ್ಟದ ಬುಟ್ಟಿ ಇಳಿಸಲು ಏಣಿ ಕೇಳಿದಳು.

ಎಮ್ಮೆ ಎಂಥದಾಯಿತು ಅನ್ನುತ್ತೀರಿ. ಎರೆಮಣ್ಣಿಗೆ ಅರಳೆ ಬೆರೆಸಿ ನಾದಿ, ಕಾಲೊಳಗೆ ತಂತಿ ಕೂರಿಸಿ, ಬಿರಿಯದಂತೆ ಹಸಿಬಟ್ಟೆ ಹೊದಿಸಿ ಇಟ್ಟಳು. ಬಣ್ಣವೇ ಬೇಕಿರಲಿಲ್ಲ, ನಮ್ಮ ಮಣ್ಣೇ ಎಮ್ಮೆಯ ಬಣ್ಣ. ಕಣ್ಣಿಗೆ ಗುಲಗಂಜಿ, ನಾಲಗೆಗೆ ಒಂದು ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆ. ನಾಲಗೆ ಕೂರಿಸಿದ ಕೈಯಲ್ಲೇ ಕೊಟ್ರೇಶ ಕಣ್ಣು ಉಜ್ಜಿಕೊಂಡು ಅರ್ಧ ದಿನ ಕುಣಿದಾಡಿದ, ಅದು ಬೇರೆ ಕತೆ.

ಕತೆಯನ್ನು ಎಲ್ಲರೂ ಸೇರಿ ಕಟ್ಟಿದರು. ಎಮ್ಮೆಯೊಂದು ಮೆಣಸಿನಕಾಯಿ ಪೇಟೆಗೆ ನುಗ್ಗುತ್ತದೆ, ಕೆಂಪು ರಾಶಿ ಕಂಡು ಇದೇನೋ ಹಣ್ಣೆಂದು ಬಾಯಿ ಹಾಕುತ್ತದೆ. ಆಮೇಲೆ ನಾಲಗೆ ಹೊರಗೆ ಹಾಕಿಕೊಂಡು ನೀರಿಗಾಗಿ ಊರೆಲ್ಲ ಓಟ. ಕೊನೆಗೆ ಕೆರೆ ಸಿಗುತ್ತದೆ, ಮೂಗು ಕಣ್ಣು ಅಷ್ಟೇ ಮೇಲೆ ಬಿಟ್ಟು ಮುಳುಗಿ ಕೂರುತ್ತದೆ, ಯಾರು ಕರೆದರೂ ಏಳುವುದಿಲ್ಲ. ಸ್ಟುಡಿಯೊದ ಮೇಜಿನ ಮೇಲೆ ಪೇಟೆ ಎದ್ದಿತು. ಒಂದು ಹೆಜ್ಜೆ ಮುಗಿಯಲು ಎಷ್ಟೋ ಫೋಟೊ. ಕರೆಂಟು ಹೋದರೆ ಬೆಳಕು ಬದಲಾಗುತ್ತದೆಂದು ಮತ್ತೆ ಮೊದಲಿನಿಂದ. ದಿನಾ ಬೆಳಿಗ್ಗೆ ಪ್ರೇಮವ್ವ ಹಸಿಬಟ್ಟೆ ತೆಗೆದು, ಬಿರಿದ ಕಡೆ ನೀರು ಮುಟ್ಟಿಸಿ ಬೆರಳಾಡಿಸುವಳು. ಬೆರಳಿನ ಗುರುತು ಕಾಣುತ್ತದೆ, ನುಣ್ಣಗೆ ಮಾಡೆಂದು ಕೊಟ್ರೇಶ ಗೊಣಗಿದರೆ, ಇಂಗ್ಲೆಂಡಿನಾಕಿ ನುಣ್ಣಗ ಮಾಡ್ಯಾಳೇನು ಎಂದು ಕೇಳುವಳು. ಇಷ್ಟು ದಿನ ನಾಲ್ಕು ಮಾತು ಆಡದ ಅತ್ತೆ ಮಗನೊಡನೆ ವಾದಕ್ಕೆ ನಿಂತದ್ದನ್ನು ಕೇಳಿ ಶೈಲಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಒಬ್ಬಳೇ ನಗುತ್ತಿದ್ದಳು.

ಆಗ ಆಷಾಢದ ಎರಡನೇ ಮಂಗಳವಾರ ಬಂತು. ಮೀನಾಕ್ಷಿ ಶೇಖವ್ವನ ಮನೆಯಿಂದ ತಂದ ಅಚ್ಚಿನ ಗುಳ್ಳವ್ವನನ್ನು ಕೂರಿಸಿ ಆರತಿ ಬೆಳಗಿದಳು. ಬೆಳಗಿದ ಮೇಲೆ ತಟ್ಟೆ ಹಿಡಿದುಕೊಂಡು ಸ್ಟುಡಿಯೊದೊಳಗೆ ಹೋಗಿ, ಅಲ್ಲಿ ಒಂದು ಕಾಲೆತ್ತಿ ಓಡುವ ಭಂಗಿಯಲ್ಲಿ ನಿಂತಿದ್ದ ಎಮ್ಮೆಗೂ ಬೆಳಗಿದಳು. ಗುಳ್ಳವ್ವನಿಗೆ ಆರತಿ ಮಾಡಿ ಇದನ್ನು ಬಿಟ್ಟರೆ ಇದಕ್ಕೆ ಬೇಜಾರಾಗುತ್ತದೆ ಎನ್ನುವುದು ಅವಳ ನ್ಯಾಯ. ಹಣೆಗೆ ವಿಭೂತಿ, ಕುಂಕುಮ, ಮುಂದೆ ನಾಲ್ಕು ಕಾಳು ಸಕ್ಕರೆ. ಯಾರಿಗೂ ಹೇಳದೆ ಮಲಗಿದಳು.

ಮರುದಿನ ಕೊಟ್ರೇಶ ಕಂಪ್ಯೂಟರಿಗೆ ಏನೋ ಸಾಮಾನು ಬೇಕೆಂದು ಹಾವೇರಿಗೆ ಹೋಗಿದ್ದ. ಶೈಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪ್ರೇಮವ್ವ ದಿನದಂತೆ ಹಸಿಬಟ್ಟೆ ತೆಗೆದವಳು ಎಮ್ಮೆಯ ಹಣೆ ನೋಡಿ ನಿಂತಳು. ಆಕೆಗೆ ಅನುಮಾನವೇ ಬರಲಿಲ್ಲ. ಆರತಿ ಮಾಡಿಸಿಕೊಂಡ ಮಣ್ಣು ಮನೆಯಲ್ಲಿ ಕೂತು ಬಿರಿಯಬಾರದು, ನೀರಿಗೆ ಹೋಗಬೇಕು, ಹುಟ್ಟಿದಾಗಿನಿಂದ ಕಂಡದ್ದು ಅದೇ. ಎಮ್ಮೆಗೆ ಒಂದು ತುತ್ತು ಮೊಸರನ್ನ ತೋರಿಸಿದಳು, ಗುಳ್ಳವ್ವನ ಜತೆ ಬುಟ್ಟಿಯಲ್ಲಿಟ್ಟುಕೊಂಡಳು, ಕೆರೆಗೆ ಹೋಗಿ ಎರಡನ್ನೂ ಮರ್ಯಾದೆಯಿಂದ ನೀರಿಗೆ ಬಿಟ್ಟು ಬಂದಳು.

ಹಾವೇರಿಯಿಂದ ಬಂದ ಕೊಟ್ರೇಶ ಮೇಜಿನ ಮೇಲೆ ನೋಡಿದರೆ ಪೇಟೆ ಇದೆ, ಎಮ್ಮೆ ಇಲ್ಲ. ಓಟ ಅರ್ಧಕ್ಕೆ ನಿಂತಿದೆ. ಸಂಗತಿ ತಿಳಿದಾಗ ಅವನ ದನಿ ಓಣಿಯ ತುದಿಗೆ ಕೇಳುವಷ್ಟಾಯಿತು. ಪ್ರೇಮವ್ವ ಬೆಪ್ಪಾಗಿ, “ಹೆಂಗೂ ಅದು ನೀರಿಗೆ ಹೋಗೂದ ಇತ್ತಲ್ಲೋ ಕೊಟ್ರ್ಯಾ,” ಎಂದಳು. ಬೇರೆ ದಿನವಾಗಿದ್ದರೆ ಆ ಮಾತಿಗೆ ಇಡೀ ಮನೆ ನಕ್ಕು ಸಾಕಾಗುತ್ತಿತ್ತು. ಅವತ್ತು ಕೊಟ್ರೇಶ ಉರಿದುಬಿದ್ದ.

“ಇನ್ನ ಮ್ಯಾಲ ನೀ ಮಣ್ಣಿಗೆ ಕೈ ಹಚ್ಚಬ್ಯಾಡ ಅವ್ವ.”

ಓಣಿ ಯಾವ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲವೋ ಅದನ್ನು ಹೊಟ್ಟೆಯ ಮಗ ಆಡಿದ. ಪ್ರೇಮವ್ವ ಹ್ಞೂಂ ಅಂದಳು, ಬಚ್ಚಲಿಗೆ ಹೋದಳು. ಕೈ ತೊಳೆಯುವ ಸದ್ದು ಬರುತ್ತಲೇ ಇತ್ತು. ಇಷ್ಟು ಹೊತ್ತು ತೊಳೆಯುವಷ್ಟು ಮಣ್ಣು ಆ ಕೈಯಲ್ಲಿ ಇರಲಿಲ್ಲವೆಂದು ಶೈಲಾಳಿಗೆ ಗೊತ್ತಿತ್ತು. ಹೊರಬಂದಾಗ ಉಗುರಿನ ಸಂದಿಯೂ ಬೆಳ್ಳಗಾಗಿತ್ತು. ಬುಟ್ಟಿಯನ್ನು ತಾನೇ ಎತ್ತಿ ಅಟ್ಟದ ಏಣಿಯ ಹತ್ತಿರ ಇಟ್ಟಳು.

ಮಧ್ಯಾಹ್ನ ಶೈಲಾಳಿಗೆ ಊಟ ಇಳಿಯಲಿಲ್ಲ. ಗಂಡನ ಮೇಲೆ ಸಿಟ್ಟು, ಮಗಳ ಮೇಲೆ ಸಿಟ್ಟು ಮಾಡುವಂತಿಲ್ಲ, ಅತ್ತೆಯ ಮುಖ ನೋಡುವಂತಿಲ್ಲ. ಮನಸ್ಸಿಗೆ ಸಮಾಧಾನವಾಗಲೆಂದು ಆ ಇಂಗ್ಲೆಂಡಿನ ಸೀಡಿ ಹಾಕಿಕೊಂಡು ಕೂತಳು. ಕತ್ತೆ ಬಂತು, ಕಿವಿ ಇಳಿಬಿಟ್ಟಿತು. ಬೆರಳಿನ ಗುರುತು ನೋಡುತ್ತ ನೋಡುತ್ತ ಅವಳು ಒಂದು ಕಡೆ ತಡೆದು ನಿಲ್ಲಿಸಿದಳು. ಹಿಂದಕ್ಕೆ ಹಾಕಿ ನೋಡಿದಳು. ಮತ್ತೆ ಮುಂದಕ್ಕೆ. ಎದ್ದು ಹೋಗಿ, ಸ್ಟುಡಿಯೊದಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಗಂಡನನ್ನು ಕರೆತಂದಳು.

ಹಾಲು ಕುಡಿಯುವ ಕತ್ತೆಯ ಗಲ್ಲದ ಮೇಲೆ ಅಗಲವಾದ ಹೆಬ್ಬೆಟ್ಟಿನ ಗುರುತಿತ್ತು. ಸೈಕಲ್ ಮೇಲೆ ಕೂತ ಕತ್ತೆಯ ಗಲ್ಲದ ಮೇಲೆ ಸಣ್ಣ ಬೆರಳಿನದು. ಒಂದರ ಕಿವಿ ಬುಡದಲ್ಲಿ ದಪ್ಪ, ಇನ್ನೊಂದರದು ತೆಳು. ಎರಡೂ ಒಂದೇ ಕತ್ತೆಯೆಂದು ಇಷ್ಟು ದಿನ ನಂಬಿದ್ದರು.

“ನೋಡ್ರಿ, ಇದ ಬ್ಯಾರೆ ಕತ್ತಿ, ಅದ ಬ್ಯಾರೆ ಕತ್ತಿ,” ಎಂದಳು ಶೈಲಾ. “ಒಂದು ಕೆಟ್ಟರ ಅವರು ಇನ್ನೊಂದು ಮಾಡ್ಯಾರ. ನಿಮಗ ಎಮ್ಮಿ ಹೋತಂತ ಸಂಕಟ. ನನಗ ಎಮ್ಮಿದಲ್ಲರಿ. ಮಾವನವರು ಹೋದ ಮ್ಯಾಲ ಅತ್ತಿ ಕೈ ಈಗ ಮಣ್ಣಿಗೆ ಬಂದಿತ್ತು. ಅದನ್ನ ನೀವು ಒಂದ ಮಾತಿಲೆ ತೊಳದ ಬಿಟ್ರಿ.”

ಕೊಟ್ರೇಶ ಅಟ್ಟದ ಏಣಿಯ ಹತ್ತಿರ ಇದ್ದ ಬುಟ್ಟಿಯ ಕಡೆ ನೋಡಿದ. ಆಮೇಲೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಹೋದ. ಸ್ಕೂಟರ್ ಶುರುವಾದ ಸದ್ದು ಕೇಳಿಸಿತು.

ಸಂಜೆಯ ಹೊತ್ತಿಗೆ ಬಂದವನನ್ನು ನೋಡಿ ಮೀನಾಕ್ಷಿ ಹೆದರಿ ಒಳಗೆ ಓಡಿದಳು. ಮೊಣಕಾಲಿನವರೆಗೆ ಎರೆಮಣ್ಣು, ಸ್ಕೂಟರಿನ ಗಾಲಿ ಯಾವುದು ಮಡ್‌ಗಾರ್ಡ್ ಯಾವುದು ತಿಳಿಯುವಂತಿರಲಿಲ್ಲ. ಮಳೆಯಾದ ಹೊಲಕ್ಕೆ ಸ್ಕೂಟರ್ ಇಳಿಸುವ ಬುದ್ಧಿವಂತ ಬ್ಯಾಡಗಿಗೆ ಅವನೊಬ್ಬನೇ ಇರಬೇಕು. ತಾಯಿ ಯಾವಾಗಲೂ ಮಣ್ಣು ತರುತ್ತಿದ್ದ ತಮ್ಮ ಹೊಲದ ಬದುವಿನಿಂದಲೇ ಒಂದು ಚೀಲ ಮಣ್ಣು ತಂದಿದ್ದ. ಅದನ್ನು ಅಂಗಳದಲ್ಲಿ ಸುರಿದ. ಶೈಲಾಳ ಹಿಟ್ಟಿನ ಜರಡಿ ತಂದು ಹಸಿಮಣ್ಣು ಸೋಸಲು ನೋಡಿದ, ಜರಡಿ ಕಟ್ಟಿಕೊಂಡಿತು. ತಲೆದಿಂಬು ಹರಿದು ಅರಳೆ ತೆಗೆದ, ಬಿಡಿಸದೆ ಮುದ್ದೆ ಮುದ್ದೆಯಾಗಿ ಹಾಕಿದ. ಆಮೇಲೆ ಒಂದು ಕೊಡ ನೀರು ಹೊಯ್ದ. ಅಂಗಳದಲ್ಲಿ ಮಣ್ಣಲ್ಲ, ಅಂಬಲಿ ಹರಿಯಿತು.

ಪ್ರೇಮವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊದಲು ನೋಡಲೇ ಇಲ್ಲ. ಜರಡಿಯ ಹೊತ್ತಿಗೆ ಓರೆಗಣ್ಣಿನಿಂದ ನೋಡಿದಳು. ಅರಳೆಯ ಹೊತ್ತಿಗೆ ಮೊರ ನಿಂತಿತು. ನೀರು ಹೊಯ್ದಾಗ ತುಟಿ ಕಚ್ಚಿದಳು. ಶೈಲಾ ಬಾಗಿಲ ಮರೆಯಲ್ಲೇ ನಿಂತಿದ್ದಳು, ಒಂದು ಮಾತು ಆಡಿದರೂ ಕೆಡುತ್ತದೆಂದು.

“ಮಣ್ಣು ಇನ್ನಷ್ಟು ಹಾಕೋ,” ಎಂದಳು ಪ್ರೇಮವ್ವ ಕಡೆಗೆ.

“ನನಗ ಬರಂಗಿಲ್ಲ ಅವ್ವ,” ಎಂದ ಕೊಟ್ರೇಶ. ಕೈ ಎರಡೂ ಮೊಣಕೈತನಕ ಕೆಸರು, ಕಣ್ಣು ತುಂಬಿದ್ದವು. “ನೀ ಮುಟ್ಟಲಿಲ್ಲಂದ್ರ ಇದು ಎಮ್ಮಿ ಆಗಂಗಿಲ್ಲ. ನಾ ಆಡಿದ್ದು ಹೊಟ್ಟಿಗೆ ಹಾಕ್ಕೋ.”

ಪ್ರೇಮವ್ವ ಮೊರವನ್ನು ಪಕ್ಕಕ್ಕಿಟ್ಟಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳಕ್ಕಿಳಿದು, ಸರಿ ಆಕಡೆ ಎಂದು ಮಗನನ್ನು ಭುಜದಿಂದ ತಳ್ಳಿದಳು. ಆ ಕೆಸರಿನೊಳಗೆ ಆಕೆಯ ಕೈ ಇಳಿದದ್ದನ್ನು ನೋಡಿ ಶೈಲಾ ಬಾಗಿಲ ಮರೆಯಲ್ಲೇ ಕಣ್ಣೊರೆಸಿಕೊಂಡಳು. ಇಂಗ್ಲೆಂಡಿನ ಆ ಬಿಳಿ ಕೂದಲಿನ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದಳು. ಹಿಟ್ಟಿನ ಜರಡಿ ಹಾಳಾದದ್ದು ಅವಳಿಗೆ ನೆನಪಾದದ್ದು ಮರುದಿನ.

ಎರಡನೇ ಎಮ್ಮೆ ಮೊದಲಿನದಕ್ಕಿಂತ ದಪ್ಪವಾಯಿತು, ಎಡಗೊಂಬು ತುಸು ಒಳಗೆ ತಿರುಗಿತು. ಮೆಣಸಿನಕಾಯಿ ತಿಂದು ಉಬ್ಬಿದೆ ಅಂದರಾಯಿತು ಎಂದ ಕೊಟ್ರೇಶ, ಅವನೀಗ ಯಾವುದಕ್ಕೂ ಇಲ್ಲ ಅನ್ನುತ್ತಿರಲಿಲ್ಲ. ಬೆರಳಿನ ಗುರುತು ಒರೆಸು ಎಂಬ ಮಾತೂ ಅವನ ಬಾಯಿಂದ ಮತ್ತೆ ಬರಲಿಲ್ಲ. ಸಿನಿಮಾದ ಕೆರೆಗೆ ನೀರಿನ ಬದಲು ಹೊಸ ಸೀರೆಗೆ ಸುತ್ತಿ ಕೊಡುವ ಪ್ಲಾಸ್ಟಿಕ್ ಹಾಸಿದರು. ಎಮ್ಮೆ ಮೈ ಒದ್ದೆಯಾಗದೆ ಮುಳುಗಿ ಕೂತಿತು. ಮೀನಾಕ್ಷಿಗೆ ಸಿನಿಮಾ ಮುಗಿಯುವವರೆಗೆ ಆರತಿ ತಟ್ಟೆ ಹಿಡಿದು ಸ್ಟುಡಿಯೊದ ಹೊಸ್ತಿಲು ದಾಟಬಾರದೆಂದು ತಾಕೀತಾಯಿತು.

ಎಲ್ಲ ಜೋಡಿಸಿದ ಮೇಲೆ ಕೊನೆಗೆ ಹೆಸರು ಹಾಕಬೇಕಲ್ಲ. ಎಮ್ಮೆ ಮಾಡಿದವರು ಪ್ರೇಮವ್ವ ಎಂದು ಮೊದಲು ಹಾಕಿದ ಕೊಟ್ರೇಶ, ಮಿಕ್ಕವರದೆಲ್ಲ ಕೆಳಗೆ. ಪ್ರೇಮವ್ವನಿಗೆ ಓದಲು ಬಾರದು, ಮೀನಾಕ್ಷಿ ಓದಿ ಹೇಳಿದಳು. ಕೇಳಿದವಳು, ಅವರ ಹೆಸರೂ ಹಾಕಬೇಕಲ್ಲ, ನಮಗೆ ದಾರಿ ತೋರಿಸಿದವರದು ಎಂದಳು. ಆ ಸೀಡಿಯಲ್ಲಿ ಹೆಸರುಗಳು ಬರುವ ಭಾಗವನ್ನೇ ಕತ್ತರಿಸಿಹಾಕಿದ್ದರು. ಯಾರೆಂದು ಹಾಕುವುದು? ಪ್ರೇಮವ್ವ ಹೇಳಿದ್ದನ್ನೇ ಕೊಟ್ರೇಶ ಹಾಗೇ ಟೈಪು ಮಾಡಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಮೂಡಿತು: ಕತ್ತೆ ಮಾಡಿದವರಿಗೆ ಶರಣು.

ಊರಿನ ಕೇಬಲ್ ನಡೆಸುವ ಶಮಶೇರಸಾಬ ಕೊಟ್ರೇಶನ ಹಳೆಯ ದೋಸ್ತ. ಆಷಾಢದ ಕಡೆಯ ಭಾನುವಾರ ಸಂಜೆ, ದೊಡ್ಡ ಸಿನಿಮಾದ ನಡುವೆ ಎಲ್ಲರೂ ಚಹಾಕ್ಕೆ ಏಳುವ ಹೊತ್ತಿಗೆ ಎಮ್ಮೆಯನ್ನು ಬಿಟ್ಟ. ಬ್ಯಾಡಗಿಯಲ್ಲಿ ಚಹಾ ಆರಿಹೋಯಿತು. ಎಮ್ಮೆ ಪೇಟೆಗೆ ನುಗ್ಗಿದ್ದು, ನಾಲಗೆ ಹೊರಗೆ ಬಿದ್ದದ್ದು, ಓಡುತ್ತ ಮೂಲೆ ತಿರುಗಿದಾಗ ಇದ್ದಕ್ಕಿದ್ದಂತೆ ದಪ್ಪವಾದದ್ದು, ಓಣಿಯ ಒಂದೊಂದು ಮನೆಯಿಂದಲೂ ನಗು ಕೇಳಿಸಿತು. ಮೈತುಂಬ ಪ್ರೇಮವ್ವನ ಬೆರಳು ಮಿಣಮಿಣ ಅಲುಗುತ್ತಿತ್ತು. ಆದರೆ ಸಿನಿಮಾ ನೋಡಿ ನಗುವವರು ಕಟ್ಟೆಗೆ ಬರುತ್ತಾರೆಂದೇನೂ ಇಲ್ಲ. ಶೈಲಾ ಎದುರುಮನೆಯ ಕಿಟಕಿಯನ್ನೇ ನೋಡುತ್ತಿದ್ದಳು.

ಮಂಗಳವಾರ ಬೆಳಿಗ್ಗೆ, ಕೊನೆಯ ಗುಳ್ಳವ್ವನ ದಿನ, ಶೈಲಾ ರಂಗೋಲಿ ಹಾಕಲು ಬಾಗಿಲು ತೆರೆದಾಗ ಶೇಖವ್ವನ ಮೊಮ್ಮಗಳು ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಹಿಂದೆ ಇನ್ನಷ್ಟು ಹುಡುಗಿಯರು, ಇನ್ನಷ್ಟು ತಟ್ಟೆ. ಎಲ್ಲರ ಹಿಂದೆ, ಬರಲೋ ಬೇಡವೋ ಎನ್ನುವ ಹಾಗೆ ಶೇಖವ್ವ.

ಪೇಟೆಯ ಗುಳ್ಳವ್ವ ಬೇಡವಂತೆ, ಎಮ್ಮೆಯ ಮೈಮೇಲೆ ಇದ್ದ ಹಾಗೆ ಬೆರಳು ಇರುವ ಗುಳ್ಳವ್ವ ಬೇಕಂತೆ ಎಂದು ಹುಡುಗಿಯರು ಒಟ್ಟಿಗೆ ಹೇಳಿದರು. ಪ್ರೇಮವ್ವ ಒಳಗಿನಿಂದ ಬಂದಳು. ಹುಡುಗಿಯರನ್ನು ನೋಡಲಿಲ್ಲ. ನೇರ ಶೇಖವ್ವನನ್ನು ನೋಡಿದಳು.

“ನಾ ಮಾಡಿದ್ರ ನಡೀತೈತೇನು ಶೇಖವ್ವ?”

ಶೈಲಾಳ ಕೈಯಲ್ಲಿ ರಂಗೋಲಿ ಪುಡಿ ಹಾಗೇ ಉಳಿಯಿತು. ಶೇಖವ್ವ ಮುಖ ತಗ್ಗಿಸಿದಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ಕಟ್ಟೆಯ ಮೇಲೆ, ತಾನು ಹಿಂದೆ ಕೂರುತ್ತಿದ್ದ ಜಾಗದಲ್ಲೇ ಕೂತು, ಎಮ್ಮೆ ಮಾಡಿ ಉಳಿದ ಮಣ್ಣಿನ ಬುಟ್ಟಿಯ ಮೇಲಿನ ಹಸಿಬಟ್ಟೆಯನ್ನು ತಾನೇ ಸರಿಸಿದಳು.

“ಮಣ್ಣು ಆರಾಕತ್ತೇತಿ,” ಎಂದಳು. “ಲಗೂ ಮಾಡವ್ವ.”

ಪ್ರೇಮವ್ವ ಕೂತಳು. ಮೊದಲ ಮುದ್ದೆ ಎತ್ತಿಕೊಂಡು ಅಂಗೈಯಲ್ಲಿ ತಿರುವಿದಳು. ಹಿಂದೆಲ್ಲ ನುಣ್ಣಗೆ ತಿಕ್ಕಿ ಕೊಡುತ್ತಿದ್ದ ಗಲ್ಲದ ಮೇಲೆ ಈಗ ಒಂದೊಂದಕ್ಕೂ ಹೆಬ್ಬೆಟ್ಟನ್ನು ಒತ್ತಿ ಬಿಟ್ಟಳು. ಶೇಖವ್ವ ಗುಲಗಂಜಿ ಎಣಿಸಿ ಕೊಡುತ್ತಿದ್ದಳು.

ಅಂದು ಸಂಜೆ ಬುತ್ತಿ ಕಟ್ಟಿಕೊಂಡು ಓಣಿಯೆಲ್ಲ ಕೆರೆಗೆ ಹೋಯಿತು. ಹುಡುಗಿಯರು ಗುಳ್ಳವ್ವಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ಕೊನೆಗೆ ಕೊಟ್ರೇಶ ಟವೆಲಿನಲ್ಲಿ ಸುತ್ತಿ ತಂದಿದ್ದ ಎಮ್ಮೆಯನ್ನು ಬಿಚ್ಚಿದ. ಸ್ಟುಡಿಯೊದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಡುತ್ತೇನೆಂದು ಎರಡು ದಿನದಿಂದ ಹೇಳುತ್ತಿದ್ದವನು ಅವನೇ. ಹೊರಡುವಾಗ ಮೀನಾಕ್ಷಿ ಓಡಿಹೋಗಿ ಅದರ ಹಣೆಗೆ ಕುಂಕುಮ ಹಚ್ಚಿ ಆರತಿ ಬೆಳಗಿ ಬಂದಿದ್ದಳು, ಅಪ್ಪ ಏನೂ ಅಂದಿರಲಿಲ್ಲ.

ಪ್ಯಾಂಟು ಮಡಚಿ ನೀರಿಗಿಳಿದು ಎಮ್ಮೆಯನ್ನು ಮೆಲ್ಲಗೆ ಇಳಿಸಿದ. ಮೂಗು, ಕಣ್ಣು, ಒಳಗೆ ತಿರುಗಿದ ಎಡಗೊಂಬು ಸ್ವಲ್ಪ ಹೊತ್ತು ಮೇಲಿದ್ದವು. ನೀರು ಕಪ್ಪಗಾಗತೊಡಗಿತು.

“ಹೆಂಗೂ ನೀರಿಗೆ ಹೋಗೂದ ಇತ್ತಲ್ಲ ಅವ್ವ,” ಎಂದ ಕೊಟ್ರೇಶ.

ಪ್ರೇಮವ್ವ ನಕ್ಕಳು, ಗಂಡ ಇದ್ದಾಗ ನಗುತ್ತಿದ್ದ ಹಾಗೆ, ತಲೆ ಹಿಂದಕ್ಕೆ ಹಾಕಿ. ನಗುತ್ತಲೇ ಬಗ್ಗಿ ಕೈ ತೊಳೆದುಕೊಂಡಳು. ಒಂದು ಸಲ ನೀರಲ್ಲಿ ಆಡಿಸಿದಳು ಅಷ್ಟೇ, ಸೆರಗಿಗೆ ಒರೆಸಿಕೊಂಡು ಬುತ್ತಿಯ ಗಂಟು ಬಿಚ್ಚಿದಳು. ಮೊದಲ ತುತ್ತನ್ನು ಶೈಲಾಳ ಕೈಗೆ ಹಾಕುವಾಗ ಆಕೆಯ ಉಗುರುಗಳ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು.